ಹಿತ್ತಲ ಸೇಬು: ಎಲೆ ತುಂಬಿದೆ, ಹೂವೇ ಇಲ್ಲ

ಪ್ರಶ್ನೆ, ತಿಪಟೂರು ಹತ್ತಿರದ ಹಳ್ಳಿಯಿಂದ (ನವೆಂಬರ್ ಕೊನೆ)

ಸರ್, ಮೂರು ವರ್ಷದ ಹಿಂದೆ ಹಿತ್ತಲಲ್ಲಿ ಅನ್ನಾ ತಳಿಯ ಎರಡು ಸೇಬಿನ ಗಿಡ ನೆಟ್ಟೆವು. ಬೇಗ ಹಣ್ಣಾಗುವ ತಳಿ, ಮುಂಗಾರಿಗೆ ಮುಂಚೆಯೇ ಕೈಗೆ ಬರುತ್ತದೆ ಎಂದು ಹೇಳಿ ಕೊಟ್ಟಿದ್ದರು. ಒಂದು ಮೊದಲ ಮಳೆಗಾಲದಲ್ಲೇ ಸತ್ತುಹೋಯಿತು. ಇನ್ನೊಂದು ಒಂಬತ್ತು ಅಡಿ ಆಗಿದೆ, ಎಲೆ ಸೊಂಪಾಗಿದೆ. ಆದರೆ ಇವತ್ತಿನವರೆಗೆ ಒಂದೇ ಒಂದು ಹೂ ಬಿಟ್ಟಿಲ್ಲ. ತಿಂಗಳಿಗೊಮ್ಮೆ ಕೊಟ್ಟಿಗೆ ಗೊಬ್ಬರ ಹಾಕುತ್ತೇನೆ, ದಿನಾ ನೀರು ಬಿಡುತ್ತೇನೆ. ಅದನ್ನು ಕಡಿದು ಆ ಜಾಗಕ್ಕೆ ನಿಂಬೆ ಹಾಕು ಅನ್ನುತ್ತಿದ್ದಾರೆ ನಮ್ಮ ಮಾವನವರು. ಏನು ಮಾಡಲಿ?

ಉತ್ತರ

ಅಕ್ಕಾ, ದಯವಿಟ್ಟು ಕಡಿಯಬೇಡಿ. ನಿಮ್ಮ ಗಿಡಕ್ಕೆ ರೋಗ ಇಲ್ಲ, ನಿದ್ದೆ ಇಲ್ಲ ಅಷ್ಟೇ.

ಸೇಬು ಚಳಿ ದೇಶದ ಗಿಡ. ಅಲ್ಲಿ ಚಳಿಗಾಲ ಬಂದರೆ ಎಲೆ ಉದುರಿಸಿ ಮಲಗುತ್ತದೆ, ಬಿಸಿಲು ಏರಿದಾಗ ಹೂವಿನೊಂದಿಗೆ ಏಳುತ್ತದೆ. ಉಷ್ಣಾಂಶ ಸುಮಾರು 7 ಡಿಗ್ರಿಗಿಂತ ಕೆಳಗಿದ್ದ ಗಂಟೆಗಳನ್ನು ಸೇಬಿನವರು ಲೆಕ್ಕ ಇಡುತ್ತಾರೆ. ಅಂಗಡಿಯಲ್ಲಿ ಸಿಗುವ ರೆಡ್ ಡೆಲಿಷಿಯಸ್ಸಿಗೆ ಅಂಥ ಗಂಟೆಗಳು ಸಾವಿರದ ಹತ್ತಿರ ಬೇಕು. ಅನ್ನಾಗೆ ಇನ್ನೂರು ಮುನ್ನೂರು ಸಾಕು. ಇಸ್ರೇಲಿನ ಬಿಸಿ ಜಾಗಗಳಿಗೆ ಎಂದೇ ಅದನ್ನು ಬೆಳೆಸಿದ್ದು. ಆದರೆ ಆ ಇನ್ನೂರು ಗಂಟೆಯನ್ನು ನಾವು ಎಲ್ಲಿಂದ ತರೋಣ? ಬೆಂಗಳೂರಿನ ದಾಖಲೆಯಲ್ಲೇ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ಆ ದಾಖಲೆಯಲ್ಲಿ ಸೇಬಿನ ಲೆಕ್ಕಕ್ಕೆ ಬರುವಂಥ ಒಂದು ಗಂಟೆಯೂ ಇಲ್ಲ.

ಹಾಗಾದರೆ ಇಲ್ಲಿ ಸೇಬು ಆಗುವುದೇ ಇಲ್ಲವಾ? ಆಗುತ್ತದೆ. ಹಿಂದೆ ಬೆಂಗಳೂರಿನಲ್ಲೇ ರೋಮ್ ಬ್ಯೂಟಿ ಸೇಬು ಬೆಳೆಯುತ್ತಿದ್ದರು. ಇಂಡೋನೇಷ್ಯಾದ ಪೂರ್ವ ಜಾವಾದಲ್ಲಿ ಬಾಟು ಎಂಬ ಊರಿದೆ. ಸಮಭಾಜಕ ವೃತ್ತದ ಹತ್ತಿರ, ಚಳಿಗಾಲ ಅನ್ನುವುದೇ ಇಲ್ಲ. ಅಲ್ಲಿನ ರೈತರು ಅದೇ ರೋಮ್ ಬ್ಯೂಟಿಯಿಂದ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಗಿಡದ ಎಲೆಯನ್ನೆಲ್ಲ ಕೈಯಿಂದ ಕಿತ್ತುಬಿಡುತ್ತಾರೆ, ಗಿಡ ಹೊಸದಾಗಿ ಚಿಗುರುತ್ತದೆ, ಜೊತೆಗೆ ಹೂ ಬರುತ್ತದೆ. ನೀವೂ ಅದನ್ನೇ ಮಾಡಬೇಕು. ನಮ್ಮಲ್ಲಿ ಚಳಿಗಾಲವನ್ನು ಗಿಡಕ್ಕೆ ನಾವೇ ಕೈಯಾರೆ ಕೊಡಬೇಕು.

ಮೊದಲು ಗೊಬ್ಬರ ನಿಲ್ಲಿಸಿ. ಇವತ್ತಿನಿಂದಲೇ. ತಿಂಗಳಿಗೊಮ್ಮೆ ಗೊಬ್ಬರ, ದಿನಾ ನೀರು ಸಿಕ್ಕರೆ ಯಾವ ಗಿಡವೂ ಹೂವಿನ ಯೋಚನೆ ಮಾಡುವುದಿಲ್ಲ, ಸುಮ್ನೆ ಎಲೆ ಬಿಡುತ್ತದೆ. ಡಿಸೆಂಬರ್ ಮೊದಲ ವಾರದಿಂದ ನೀರೂ ಕಡಿಮೆ ಮಾಡುತ್ತಾ ಬಂದು ಪೂರ್ತಿ ನಿಲ್ಲಿಸಿ. ಗಿಡ ಬಾಡಿ ಜೋತುಬಿದ್ದರೆ ಮಾತ್ರ ಒಂದು ಕೊಡ ಹಾಕಿ.

ಆಮೇಲೆ ಕೊಂಬೆ ಬಗ್ಗಿಸಿ. ಒಂಬತ್ತು ಅಡಿ ಅಂದಿರಿ, ಕೊಂಬೆಗಳೆಲ್ಲ ಪೊರಕೆ ಕಡ್ಡಿ ಹಾಗೆ ನೆಟ್ಟಗೆ ಮೇಲಕ್ಕೆ ಹೋಗಿರಬೇಕು, ಅಲ್ವಾ? ನೆಟ್ಟಗಿರುವ ಕೊಂಬೆ ಬೆಳೆಯುತ್ತದೆ, ಬಾಗಿದ ಕೊಂಬೆ ಹೂ ಬಿಡುತ್ತದೆ. ಹೆಬ್ಬೆರಳಿಗಿಂತ ಸಣ್ಣ ಕೊಂಬೆಗಳಿಗೆ ಹಳೇ ಸೀರೆ ಅಂಚು ಕಟ್ಟಿ, ನಿಧಾನವಾಗಿ ಎಳೆದು, ನೆಲದಲ್ಲಿ ಗೂಟ ಹೊಡೆದು ಬಿಗಿಯಿರಿ. ಪೂರ್ತಿ ಅಡ್ಡ ಮಲಗಿಸಬೇಡಿ, ಸ್ವಲ್ಪ ಮೇಲ್ಮುಖವಾಗಿರಲಿ. ತೆಂಗಿನ ಹಗ್ಗ ಬೇಡ, ಸಿಪ್ಪೆ ಕೊಯ್ಯುತ್ತದೆ.

ಡಿಸೆಂಬರ್ ಕೊನೆ ವಾರದಲ್ಲಿ ಎಲೆ ತೆಗೆಯಿರಿ. ಅವತ್ತು ಇಲ್ಲಿ ಬರೆಯಿರಿ, ಮುಂದಿನದು ಹೇಳುತ್ತೇನೆ.

ಇನ್ನೊಂದು ಮಾತು. ಸತ್ತ ಗಿಡದ ಕಸಿ ಗಂಟು, ಅಂದರೆ ಬುಡದ ಹತ್ತಿರ ಕಸಿ ಕಟ್ಟಿದ ಜಾಗದ ಗಂಟು, ಮಣ್ಣಿನೊಳಗೆ ಹೋಗಿತ್ತಾ? ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಹನ್ನೆರಡು ಗಿಡಗಳಿಗೆ ಬುಡ ಗಟ್ಟಿಯಾಗಲಿ ಎಂದು ಗಂಟಿನ ಮೇಲೆ ಮಣ್ಣು ಏರಿಸಿದ್ದೆ. ಆ ಮಳೆಗಾಲದಲ್ಲೇ ಏಳು ಹೋದವು. ಬುಡದ ಸಿಪ್ಪೆ ಕೆರೆದರೆ ಒಳಗೆ ಕಂದು ಬಣ್ಣ, ಹುಳಿ ವಾಸನೆ. ಬುಡ ಕೊಳೆ ಅದು. ಕಸಿ ಗಂಟು ನೆಲದಿಂದ ಒಂದು ಗೇಣು ಮೇಲೆ ಇರಲೇಬೇಕು. ಉಳಿದಿರುವ ಗಿಡದ ಬುಡವನ್ನು ಇವತ್ತೇ ಕೆದಕಿ ನೋಡಿ.

ಅದೇ ತಿಪಟೂರಿನವರು

ಸರ್, ಗಂಟು ಎರಡು ಬೆರಳು ಮಣ್ಣೊಳಗೆ ಇತ್ತು! ಬಿಡಿಸಿದೆ, ಸಿಪ್ಪೆ ಹಸಿರಾಗಿಯೇ ಇದೆ. ಇನ್ನೊಂದು ಕೇಳಬೇಕಿತ್ತು. ಒಂದೇ ಗಿಡ ಇದ್ದರೆ ಕಾಯಿ ಕಚ್ಚುತ್ತದಾ?

ಉತ್ತರ

ಸದ್ಯ, ಬಚಾವ್.

ಸೇಬಿನ ಹೂ ಚೆನ್ನಾಗಿ ಕಾಯಿ ಕಚ್ಚಲು ಬೇರೆ ತಳಿಯ ಹೂವಿನ ಪರಾಗ ಬೇಕು. ಅನ್ನಾ ಒಂದೇ ಇದ್ದರೆ ಅಲ್ಲೊಂದು ಇಲ್ಲೊಂದು ಕಾಯಿ ಕಚ್ಚುತ್ತದೆ. ಜೊತೆಗೆ ಡಾರ್ಸೆಟ್ ಗೋಲ್ಡನ್ ಇದ್ದರೆ ಗೊಂಚಲು ಗೊಂಚಲೇ ಕಚ್ಚುತ್ತದೆ. ಅದು ಬಹಾಮಾಸ್ ದ್ವೀಪಗಳಲ್ಲಿ ಸಿಕ್ಕ ತಳಿ, ಅನ್ನಾಗಿಂತಲೂ ಕಡಿಮೆ ಚಳಿ ಸಾಕು, ಎರಡೂ ಒಂದೇ ಹೊತ್ತಿಗೆ ಹೂ ಬಿಡುತ್ತವೆ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಹರಿಮನ್ ಶರ್ಮಾ ಅವರ ಎಚ್‌ಆರ್‌ಎಂಎನ್-99 ಕೂಡ ನಮ್ಮ ಕಡೆ ಬಹಳ ಜನ ಹಾಕಿದ್ದಾರೆ. ಆ ತಳಿಗಾಗಿಯೇ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆದರೆ ನಿಮ್ಮ ಗಿಡಕ್ಕೆ ಜೋಡಿ ಎಂದರೆ ನಾನು ಡಾರ್ಸೆಟ್ಟನ್ನೇ ಹೇಳುತ್ತೇನೆ.

ಇನ್ನೊಂದು ಗಿಡಕ್ಕೆ ಜಾಗ ಇಲ್ಲದಿದ್ದರೆ ಚಿಂತೆ ಬೇಡ. ಜನವರಿಯಲ್ಲಿ ನಿಮ್ಮ ಗಿಡದ ಒಂದು ಕೊಂಬೆಗೆ ಡಾರ್ಸೆಟ್ ಕಡ್ಡಿ ತಂದು ಕಸಿ ಕಟ್ಟಿಸಿ. ಮರ ಒಂದು, ಹಣ್ಣು ಎರಡು ತರಹ.

ಪ್ರಶ್ನೆ, ಮೈಸೂರಿನಿಂದ

ಅಂಗಡಿ ಸೇಬಿನ ಬೀಜವನ್ನು ಫ್ರಿಜ್‌ನಲ್ಲಿಟ್ಟು ಮೊಳಕೆ ಬರಿಸಿದ್ದೇನೆ, ಕುಂಡದಲ್ಲಿ ಒಂದಡಿ ಬಂದಿದೆ. ಇದರಲ್ಲಿ ಹಣ್ಣು ಯಾವಾಗ ಸರ್?

ಉತ್ತರ

ಅದರಲ್ಲಿ ಹಣ್ಣು ಕಾಯಬೇಡಿ. ಬೀಜದ ಗಿಡ ತಾಯಿಯ ಹಾಗೆ ಬರುವುದಿಲ್ಲ, ತಾಯಿಗೆ ಬೇಕಿದ್ದ ಚಳಿ ಮಾತ್ರ ಇದಕ್ಕೂ ಬೇಕಾದೀತು. ಕಾಂಡ ಪೆನ್ಸಿಲ್ ದಪ್ಪ ಆದ ಮೇಲೆ ಅದಕ್ಕೇ ಅನ್ನಾ ಕಡ್ಡಿ ಕಸಿ ಕಟ್ಟಿ. ಇಷ್ಟು ಆಸೆಯಿಂದ ಬೆಳೆಸಿದ್ದೀರಿ, ಬೇರು ವ್ಯರ್ಥ ಆಗುವುದು ಬೇಡ.

ಪ್ರಶ್ನೆ, ವಿಜಯಪುರದಿಂದ

ನಮ್ಮದು ದ್ರಾಕ್ಷಿ ತೋಟ. ಅಕ್ಟೋಬರಿನಲ್ಲಿ ಬಳ್ಳಿ ಸವರಿದ ಮೇಲೆ ಕಣ್ಣು ಒಡೆಯಲು ಹೈಡ್ರೋಜನ್ ಸಯನಮೈಡ್ ಹಚ್ಚುತ್ತೇವೆ. ಮನೆ ಮುಂದೆ ಎರಡು ಸೇಬಿನ ಗಿಡ ಇವೆ, ಅದಕ್ಕೂ ಇದನ್ನೇ ಹಚ್ಚಬಹುದಾ?

ಉತ್ತರ

ಅಣ್ಣಾ, ಬೇಡ. ಬೇರೆ ದೇಶಗಳ ಸೇಬಿನ ತೋಟಗಳಲ್ಲಿ ಅದನ್ನು ಬಳಸುವುದು ನಿಜ. ಆದರೆ ಅದು ಎಂಥ ವಿಷ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಚ್ಚಿದವರು ಅವತ್ತು ಮದ್ಯ ಮುಟ್ಟಿದರೆ ಮೈಯೆಲ್ಲ ಕೆಂಪೇರಿ, ಎದೆ ಬಡಿತ ಹೆಚ್ಚಿ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಮಕ್ಕಳು ಓಡಾಡುವ ಮನೆ ಮುಂದೆ, ಎರಡು ಗಿಡಕ್ಕೆ, ಅದು ಯಾಕೆ ಬೇಕು? ಎರಡು ಗಿಡದ ಎಲೆ ಕೈಯಲ್ಲಿ ತೆಗೆಯಲು ಒಂದು ಬೆಳಗು ಸಾಕು.

ನಿಮ್ಮ ಕಡೆ ದೊಡ್ಡ ಕಷ್ಟ ಏಪ್ರಿಲ್, ಮೇ ಬಿಸಿಲು. ಬುಡದಿಂದ ಎರಡಡಿವರೆಗೆ ಕಾಂಡಕ್ಕೆ ಸುಣ್ಣ ಬಳಿಯಿರಿ, ಪಡುವಣ ದಿಕ್ಕಿಗೆ ನೆರಳು ಬಲೆ ಕಟ್ಟಿ. ಇಲ್ಲದಿದ್ದರೆ ಕಾಯಿಯ ಒಂದು ಕೆನ್ನೆ ಬೆಂದುಹೋಗುತ್ತದೆ.

ಪ್ರಶ್ನೆ, ಇಂಗ್ಲೆಂಡಿನಿಂದ

ನಾನು ಹಾಸನದವಳು, ಈಗ ಇಲ್ಲಿದ್ದೇನೆ. ಮನೆ ಹಿಂದೆ ಡಿಸ್ಕವರಿ ತಳಿಯ ಮರ ಇದೆ. ಆಗಸ್ಟ್ ಮಧ್ಯಕ್ಕೆಲ್ಲ ಹಣ್ಣು ಕೆಂಪಾಗಿ ರುಚಿ ಬರುತ್ತದೆ. ಆದರೆ ಕಿತ್ತು ಇಟ್ಟರೆ ವಾರದಲ್ಲಿ ಮೆತ್ತಗಾಗುತ್ತದೆ. ನಾನೂ ಎಲೆ ತೆಗೆಯಬೇಕಾ?

ಉತ್ತರ

ಅಯ್ಯೋ, ನೀವು ಎಲೆ ಮುಟ್ಟಲೇಬೇಡಿ ಮೇಡಂ! ನಿಮ್ಮ ಮರಕ್ಕೆ ನಿಜವಾದ ಚಳಿಗಾಲ ಸಿಗುತ್ತಿದೆ.

ಬೇಗ ಹಣ್ಣಾಗುವ ಸೇಬೆಲ್ಲ ಹೀಗೆಯೇ. ತಿಂಗಳುಗಟ್ಟಲೆ ಇಡುವ ಹಣ್ಣಲ್ಲ, ಮರದಿಂದ ಕಿತ್ತು ತಿನ್ನುವ ಹಣ್ಣು. ಒಂದೇ ದಿನ ಎಲ್ಲ ಕೀಳಬೇಡಿ. ಎರಡು ಮೂರು ದಿನಕ್ಕೊಮ್ಮೆ, ಹೊರಗಿನ ಬಿಸಿಲಿನ ಕೊಂಬೆಯಿಂದ ಶುರು ಮಾಡಿ. ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿ. ತೊಟ್ಟಿನ ಸಮೇತ ತಾನಾಗಿ ಬಂದರೆ ಅದು ಇವತ್ತಿನದು, ಬರದಿದ್ದರೆ ನಾಳಿದ್ದಿನದು.

ಸವರುವಾಗ ಒಂದು ಎಚ್ಚರ. ಡಿಸ್ಕವರಿ ಕೊಂಬೆಯ ತುದಿಯಲ್ಲೂ ಹೂ ಬಿಡುತ್ತದೆ. ಬೇಲಿ ಕತ್ತರಿಸಿದ ಹಾಗೆ ಎಲ್ಲ ತುದಿ ಕತ್ತರಿಸಿದರೆ ಮುಂದಿನ ವರ್ಷದ ಅರ್ಧ ಹಣ್ಣು ಕಸದ ಬುಟ್ಟಿಗೆ ಹೋಗುತ್ತದೆ.

ಪ್ರಶ್ನೆ, ಚಿಕ್ಕಮಗಳೂರಿನಿಂದ

ನಮ್ಮ ಅನ್ನಾ ಕೆಂಪಾಗುವುದೇ ಇಲ್ಲ. ಕೆಂಪಾಗಲಿ ಎಂದು ಕಾಯುವಷ್ಟರಲ್ಲಿ ಒಳಗೆ ಹಿಟ್ಟು ಹಿಟ್ಟಾಗಿರುತ್ತದೆ.

ಉತ್ತರ

ಕೆಂಪಿಗೆ ತಂಪು ರಾತ್ರಿ ಬೇಕು, ಮೇ ತಿಂಗಳ ರಾತ್ರಿಯಲ್ಲಿ ಅದು ಸಿಗುವುದಿಲ್ಲ. ನೀವು ಕೆಂಪನ್ನು ನೋಡಬೇಡಿ, ಅದರ ಹಿಂದಿನ ಹಸಿರನ್ನು ನೋಡಿ. ಆ ಗಾಢ ಹಸಿರು ತಿಳಿಯಾಗಿ ಹಳದಿಗೆ ತಿರುಗುವ ಹೊತ್ತಿಗೆ ಒಂದನ್ನು ಕೊಯ್ದು ನೋಡಿ. ಬೀಜ ಕಂದಾಗಿದ್ದರೆ ಕೀಳಲು ಶುರು ಮಾಡಿ. ಹೂ ಬಿಟ್ಟು ಸುಮಾರು ನಾಲ್ಕು ತಿಂಗಳು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ತಿಪಟೂರಿನವರು (ಡಿಸೆಂಬರ್ 26)

ಸರ್, ಇವತ್ತು ಎಲೆ ತೆಗೆಯೋಣ ಎಂದು ಕೂತೆ. ನಾಲ್ಕು ಎಲೆ ಎಳೆದೆ, ಜೊತೆಗೆ ಸಿಪ್ಪೆಯೂ ಬಂತು. ಹೆದರಿ ನಿಲ್ಲಿಸಿದ್ದೇನೆ.

ಉತ್ತರ

ಒಳ್ಳೆಯದಾಯಿತು, ನಿಲ್ಲಿಸಿದಿರಿ. ಎಲೆ ತೊಟ್ಟು ಕೊಂಬೆಗೆ ಸೇರುವ ಸಂದಿಯನ್ನು ಹತ್ತಿರದಿಂದ ನೋಡಿ. ಅಕ್ಕಿ ಕಾಳಿನಷ್ಟು ದೊಡ್ಡ, ಬೂದು ರೋಮದ ಮೊಗ್ಗು ಕೂತಿರುತ್ತದೆ. ನಿಮಗೆ ಬೇಕಾದದ್ದು ಅದೇ. ಎಲೆಯನ್ನು ಕೆಳಕ್ಕೆ ಜಗ್ಗಿದರೆ ಸಿಪ್ಪೆ ಸುಲಿದು ಮೊಗ್ಗೂ ಹೋಗುತ್ತದೆ. ಸಣ್ಣ ಕತ್ತರಿ ತೆಗೆದುಕೊಳ್ಳಿ, ಎಲೆಯನ್ನು ಮಾತ್ರ ಕತ್ತರಿಸಿ, ತೊಟ್ಟನ್ನು ಹಾಗೇ ಬಿಡಿ. ಕೆಲವು ದಿನದಲ್ಲಿ ತೊಟ್ಟು ಒಣಗಿ ತಾನಾಗಿ ಉದುರುತ್ತದೆ. ಸಣ್ಣದಾಗಿ ಚೂಪಾಗಿರುವುದು ಎಲೆ ಮೊಗ್ಗು, ಗುಂಡಗೆ ಉಬ್ಬಿರುವುದು ಹೂ ಮೊಗ್ಗು.

ತುದಿಯ ಎಳೆ ಚಿಗುರೂ ಬಿಡಬೇಡಿ, ಎಲ್ಲ ತೆಗೆಯಿರಿ. ಒಂದು ಕೊಂಬೆಯಲ್ಲಿ ಎಲೆ ಉಳಿದರೆ ಆ ಕೊಂಬೆ ಮಲಗುವುದಿಲ್ಲ. ಸಿಪ್ಪೆ ಹೋದ ಕಡೆ ಬೋರ್ಡೋ ಮುಲಾಮು ಹಚ್ಚಿ: ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ, ನೀರು ಒಂದು ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ಆಮೇಲೆ ಸೇರಿಸಿ, ಕಬ್ಬಿಣದ ಪಾತ್ರೆ ಬೇಡ. ನಾಲ್ಕು ದಿನ ಬಿಟ್ಟು ಬುಡಕ್ಕೆ ಚೆನ್ನಾಗಿ ನೀರು ಕೊಡಿ, ಆಗ ಒಂದು ಬುಟ್ಟಿ ಗೊಬ್ಬರವನ್ನೂ ಹಾಕಿ.

ತಿಪಟೂರಿನವರು (ಜನವರಿ 20)

ಸರ್, ಹೂ! ಹನ್ನೊಂದು ಗೊಂಚಲು ಎಣಿಸಿದೆ. ಮೊಗ್ಗು ಗುಲಾಬಿ ಬಣ್ಣ, ಅರಳಿದ ಮೇಲೆ ಬಿಳಿ. ಒಂದೊಂದರಲ್ಲಿ ಐದಾರು ಹೂ, ನಡುವಿನದು ಮೊದಲು ಅರಳಿದೆ. ಮಾವನವರೇ ಬೆಳಿಗ್ಗೆ ಎದ್ದು ಹೋಗಿ ನೋಡಿ ಬಂದರು. ಡಾರ್ಸೆಟ್ ಕಡ್ಡಿ ಕಸಿ ಕಟ್ಟಿಸಿದ್ದೇನೆ, ಆದರೆ ಅದು ಈ ವರ್ಷ ಹೂ ಬಿಡುವುದಿಲ್ಲ ಅಲ್ವಾ?

ಉತ್ತರ

ಓದಿ ಬಹಳ ಖುಷಿಯಾಯಿತು ಅಕ್ಕಾ. ಕಸಿ ಕಟ್ಟಿದ ಕೊಂಬೆ ಈ ವರ್ಷ ಹೂ ಬಿಡುವುದಿಲ್ಲ, ನಿಜ. ಕಡ್ಡಿ ಕೊಟ್ಟವರ ಡಾರ್ಸೆಟ್ ಈಗ ಹೂ ಬಿಟ್ಟಿದ್ದರೆ ಒಂದೂವರೆ ಅಡಿ ಕೊಂಬೆ ಕೇಳಿ ತನ್ನಿ. ನೀರು ತುಂಬಿದ ಬಾಟಲಿಯಲ್ಲಿ ನಿಲ್ಲಿಸಿ, ನಿಮ್ಮ ಗಿಡದ ನಡುವೆ ನೇತು ಹಾಕಿ. ಉಳಿದದ್ದು ಜೇನಿನ ಕೆಲಸ. ಈಗ ಹದಿನೈದು ದಿನ ಹಿತ್ತಲಲ್ಲಿ ಯಾವ ಔಷಧಿಯನ್ನೂ ಸಿಂಪಡಿಸಬೇಡಿ, ತರಕಾರಿಗೂ ಬೇಡ.

ಕಾಯಿ ಗೋಲಿ ಗಾತ್ರ ಆದಾಗ ಗೊಂಚಲಿಗೆ ಒಂದೇ ಉಳಿಸಿ, ಮಿಕ್ಕಿದ್ದು ತೆಗೆಯಿರಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಮೂರು ವರ್ಷದ ಗಿಡ ಹತ್ತು ಹನ್ನೆರಡಕ್ಕಿಂತ ಜಾಸ್ತಿ ಹೊರಬಾರದು. ಹಣ್ಣು ಬಣ್ಣ ತಿರುಗುವ ಮೊದಲೇ ಒಂದೊಂದಕ್ಕೂ ಬಟ್ಟೆ ಚೀಲ ಕಟ್ಟಿ. ಗಿಳಿ, ಅಳಿಲು ನಿಮಗಿಂತ ಮುಂಚೆ ಬರುತ್ತವೆ.

ತಿಪಟೂರಿನವರು

ಬಾಟಲಿ ಕಟ್ಟಿ ಬಂದೆ ಸರ್. ಅರ್ಧ ಗಂಟೆಗೆ ಎರಡು ತುಡುವೆ ಜೇನು ಬಂದವು.