ಪದಚರ್ಚೆ: ಮೋಟರಿಗೂ ಕಂಪನಿಗೂ ಒಂದೇ ‘ದಕ್ಷತೆ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಮೋಟರಿನಂಥ ವಿದ್ಯುತ್ ಯಂತ್ರಗಳನ್ನು ತಯಾರಿಸುವ ಎಬಿಬಿ ಕಂಪನಿಯ ವಹಿವಾಟಿನ ಬಗ್ಗೆ ಕನ್ನಡದಲ್ಲಿ ಒಂದು ದೀರ್ಘ ಲೇಖನ ಸಿದ್ಧಪಡಿಸುತ್ತಿದ್ದೇನೆ. ಅದನ್ನು ಓದುವವರಲ್ಲಿ ಹೆಚ್ಚಿನವರು ಪೀಣ್ಯ, ನೆಲಮಂಗಲದ ಕಡೆ ಕಾರ್ಖಾನೆಗಳಲ್ಲಿ ದುಡಿಯುವವರು. ಎರಡೂ ಕಡೆ ಎಬಿಬಿಯ ಘಟಕಗಳೂ ಇವೆ. ಪದ ಸ್ವಲ್ಪ ಸಡಿಲವಾದರೂ ಅವರಿಗೆ ತಕ್ಷಣ ಗೊತ್ತಾಗುತ್ತದೆ, ಅದಕ್ಕೇ ನಿಮ್ಮ ನೆರವು ಕೇಳುತ್ತಿದ್ದೇನೆ. ತೊಡಕಿರುವುದು ಎಫಿಶಿಯೆನ್ಸಿ, ಪರ್ಫಾರ್ಮೆನ್ಸ್ ಎಂಬ ಜೋಡಿಯಲ್ಲಿ. ವಾಣಿಜ್ಯ ಸುದ್ದಿಯಲ್ಲಿ ಎರಡಕ್ಕೂ ‘ಕಾರ್ಯಕ್ಷಮತೆ’ ಎಂದು ಬರೆಯುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ.

ಮೋಟರಿನ ಮಟ್ಟಿಗೆ ಗೊಂದಲವಿಲ್ಲ. ಶಾಲೆಯ ವಿಜ್ಞಾನದಲ್ಲೇ ನಾವು ‘ದಕ್ಷತೆ’ ಕಲಿತಿದ್ದೇವೆ: ಒಳಗೆ ಹೋದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕೆಲಸವಾಗಿ ಹೊರಬಂತು ಎನ್ನುವ ಲೆಕ್ಕ. 2017ರಲ್ಲಿ ಎಬಿಬಿಯ 44 ಮೆಗಾವಾಟಿನ ಸಿಂಕ್ರೊನಸ್ ಮೋಟರೊಂದು ಪರೀಕ್ಷೆಯಲ್ಲಿ ಶೇ 99.05 ದಕ್ಷತೆ ತೋರಿಸಿ ದಾಖಲೆ ಮಾಡಿತು. ಶೇ 1ಕ್ಕಿಂತ ಕಡಿಮೆ ನಷ್ಟ ಅಂದರೂ ಪೂರ್ಣ ಹೊರೆಯಲ್ಲಿ ಅದು ಸುಮಾರು 420 ಕಿಲೋವಾಟ್ ಆಗುತ್ತದೆ. ಅಷ್ಟು ಬರೀ ಬಿಸಿಯಾಗಿ ಹೋಗುತ್ತದೆ. ಮೋಟರಿನ ನೇಮ್‌ಪ್ಲೇಟ್ ಮೇಲೆ ಐಇ2, ಐಇ3, ಐಇ4 ಎಂದು ಅಚ್ಚಾಗಿರುತ್ತದಲ್ಲ, ಅದನ್ನು ‘ದಕ್ಷತಾ ವರ್ಗ’ ಎಂದರೆ ಯಾರಿಗೂ ತಕರಾರಿರಲಾರದು. ಇಲ್ಲಿ ದಕ್ಷತೆ ಅಳೆದು ಹೇಳುವ ಸಂಖ್ಯೆ.

ಅದೇ ಪದವನ್ನು ಕಂಪನಿಗೆ ಅಂಟಿಸಿದಾಗ ನನಗೆ ಇರುಸುಮುರುಸಾಗುತ್ತದೆ. ‘ದಕ್ಷ ಅಧಿಕಾರಿ’ ಅಂದಾಗ ನಮ್ಮ ಮನಸ್ಸಿಗೆ ಬರುವುದು ಚುರುಕು ಮಾತ್ರವಲ್ಲ, ಕೈ ಶುದ್ಧವಾಗಿರುವುದೂ ಸೇರಿಕೊಂಡಿರುತ್ತದೆ. ‘ಕಂಪನಿಯ ದಕ್ಷತೆ ಹೆಚ್ಚಿದೆ’ ಎಂದರೆ ಅದು ಶಹಭಾಸ್‌ಗಿರಿಯಂತೆ ಕೇಳುತ್ತದೆ, ಲೆಕ್ಕದಂತೆ ಕೇಳುವುದಿಲ್ಲ.

‘ಕಾರ್ಯಕ್ಷಮತೆ’ಯ ಮೇಲೆ ನನಗೆ ಇನ್ನೂ ದೊಡ್ಡ ಆಕ್ಷೇಪವಿದೆ. ಕ್ಷಮತೆ ಎಂದರೆ ಮಾಡಬಲ್ಲ ಶಕ್ತಿ. ಪರ್ಫಾರ್ಮೆನ್ಸ್ ಎಂದರೆ ಮಾಡಿ ತೋರಿಸಿದ್ದು. ಎರಡೂ ಬೇರೆ ಬೇರೆ ದಿಕ್ಕಿಗೆ ಹೋಗಬಹುದು ಎನ್ನುವುದಕ್ಕೆ ಎಬಿಬಿಯ ಚರಿತ್ರೆಯಲ್ಲೇ ಉದಾಹರಣೆ ಇದೆ. ಸ್ವೀಡನ್ನಿನ ಆಸಿಯಾ, ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿ ಸೇರಿ 1988ರಲ್ಲಿ ಈ ಕಂಪನಿ ಹುಟ್ಟಿತು. ಮುಂದೆ ಅದು ಅಮೆರಿಕದ ಕಂಬಶ್ಚನ್ ಇಂಜಿನಿಯರಿಂಗ್ ಎಂಬ ಬಾಯ್ಲರ್ ಕಂಪನಿಯನ್ನು ಕೊಂಡಿತು. ಹಳೆಯ ಬಾಯ್ಲರುಗಳಲ್ಲಿ ಬಳಸಿದ್ದ ಕಲ್ನಾರಿನಿಂದ (ಆಸ್‌ಬೆಸ್ಟಾಸ್) ಕಾಯಿಲೆ ಬಿದ್ದವರ ಪರಿಹಾರದ ಮೊಕದ್ದಮೆಗಳೂ ಜೊತೆಗೇ ಬಂದವು. 2001ರಲ್ಲಿ ಎಬಿಬಿ 69.1 ಕೋಟಿ ಡಾಲರ್ ನಷ್ಟ ತೋರಿಸಿದಾಗ ಆ ಹೊರೆ ದೊಡ್ಡ ಕಾರಣಗಳಲ್ಲಿ ಒಂದಾಗಿತ್ತು. ಆ ವರ್ಷ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವವರ ಕೈಚಳಕವೇನೂ ಕಡಿಮೆಯಾಗಿರಲಿಲ್ಲ. ‘ಕಾರ್ಯಕ್ಷಮತೆ ಕುಸಿಯಿತು’ ಎಂದು ಬರೆದರೆ ಅವರಿಗೆ ಅನ್ಯಾಯವಾಗುತ್ತದೆ. ‘ವರ್ಷದ ಸಾಧನೆ ಕುಸಿಯಿತು’ ಎಂದರೆ ಮಾತು ನೆಟ್ಟಗಾಗುತ್ತದೆ. ಪರ್ಫಾರ್ಮೆನ್ಸಿಗೆ ‘ಸಾಧನೆ’ ಎಂದೇ ಇಟ್ಟುಕೊಂಡಿದ್ದೇನೆ. ಒಂದೇ ಅಳುಕು: ‘ಕಳಪೆ ಸಾಧನೆ’ ಎನ್ನುವುದು ಕ್ರೀಡಾ ಪುಟದಲ್ಲಿ ಒಗ್ಗಿದೆ, ಬ್ಯಾಲೆನ್ಸ್ ಶೀಟಿನ ಮಾತಿನಲ್ಲಿ ಒಗ್ಗೀತೇ?

ಇನ್ನು ಮಾರ್ಜಿನ್, ಅಂದರೆ ಮಾರಾಟದ ಮೊತ್ತದಲ್ಲಿ ಲಾಭವಾಗಿ ಉಳಿಯುವ ಪಾಲು. ಇದಕ್ಕೆ ‘ಲಾಭಾಂಶ’ ಎಂದು ಬರೆಯುವವರಿದ್ದಾರೆ, ದಯವಿಟ್ಟು ಬೇಡ. ಲಾಭಾಂಶ ಎಂದರೆ ಷೇರುದಾರರಿಗೆ ಹಂಚುವ ಡಿವಿಡೆಂಡ್ ಎಂದು ಜನ ಆಗಲೇ ಒಪ್ಪಿಕೊಂಡಿದ್ದಾರೆ. ಎಬಿಬಿಯ 2024ರ ಲೆಕ್ಕದಲ್ಲಿ ಎರಡೂ ಅಕ್ಕಪಕ್ಕ ಬರುತ್ತವೆ: ಷೇರಿಗೆ 0.90 ಸ್ವಿಸ್ ಫ್ರಾಂಕ್ ಲಾಭಾಂಶ, ಮಾರಾಟದ ಮೇಲೆ ಶೇ 18.1 ಮಾರ್ಜಿನ್. ಒಂದೇ ಪದ ಹಾಕಿದರೆ ಓದುಗ ದಾರಿ ತಪ್ಪುತ್ತಾನೆ. 2020ರಲ್ಲಿ ಶೇ 11.1 ಇದ್ದ ಮಾರ್ಜಿನ್ ನಾಲ್ಕೇ ವರ್ಷದಲ್ಲಿ ಇಲ್ಲಿಗೆ ಬಂತು, ಲೇಖನದ ತಿರುಳೇ ಅದು. ಹಾಗಾಗಿ ‘ಲಾಭದ ಪ್ರಮಾಣ’ ಎನ್ನುತ್ತಿದ್ದೇನೆ.

ಆದರೆ ಆ ಲಾಭ ಎಬಿಟಾ (EBITA) ಲೆಕ್ಕದ್ದು, ಅಂದರೆ ಬಡ್ಡಿ, ತೆರಿಗೆ ಕಳೆಯುವ ಮುಂಚಿನದು. ಯಂತ್ರಗಳ ಸವಕಳಿಯನ್ನು ಅದರಲ್ಲಿ ಕಳೆದಿರುತ್ತಾರೆ. ಬೇರೆ ಕಂಪನಿ ಕೊಂಡಾಗ ಬಂದ ಪೇಟೆಂಟು, ಬ್ರ್ಯಾಂಡು, ಗ್ರಾಹಕರ ನಂಟು ಮುಂತಾದವುಗಳ ಬೆಲೆಯನ್ನು ವರ್ಷವರ್ಷ ಇಳಿಸುತ್ತಾ ಹೋಗುವ ಮೊತ್ತವನ್ನು ಮಾತ್ರ ಕಳೆದಿರುವುದಿಲ್ಲ. ಎರಡನ್ನೂ ‘ಸವಕಳಿ’ ಎಂದರೆ ಲೆಕ್ಕವೇ ತಪ್ಪು. ಸವೆಯುವುದು ಯಂತ್ರ, ಪೇಟೆಂಟು ಸವೆಯುವುದಿಲ್ಲ, ಅವಧಿ ಮುಗಿಯುತ್ತದೆ. ಈ ಎರಡನೆಯದಕ್ಕೆ ಯಾರಾದರೂ ಒಳ್ಳೆಯ ಪದ ಬಳಸಿದ್ದರೆ ತಿಳಿಸಿ.

ಈಗ ನನ್ನ ಮುಖ್ಯ ಪ್ರಶ್ನೆ. ಎಬಿಬಿ 1990ರಲ್ಲಿ ಸ್ವೀಡನ್ನಿನಲ್ಲಿ ‘ಟಿ50’ ಎಂಬ ಯೋಜನೆ ಶುರುಮಾಡಿತು. ಆರ್ಡರ್ ಬಂದಾಗಿನಿಂದ ಮಾಲು ಗ್ರಾಹಕನ ಕೈಸೇರುವವರೆಗಿನ ಸಮಯವನ್ನು ಅರ್ಧಕ್ಕಿಳಿಸುವುದು ಅದರ ಗುರಿ. ಜನರನ್ನು ಇನ್ನಷ್ಟು ಓಡಿಸುವುದಕ್ಕಿಂತ, ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವಾಗ ಕೆಲಸ ಸುಮ್ಮನೆ ಕಾಯುತ್ತಾ ಕೂರುವುದನ್ನು ತಪ್ಪಿಸಬೇಕಿತ್ತು. ಬಿಡಿ ಬಿಡಿ ಕೆಲಸಗಳನ್ನು ಸಣ್ಣ ತಂಡಗಳಿಗೆ ಒಟ್ಟಾಗಿ ವಹಿಸಿದರು. ಇದನ್ನು ಇಂಗ್ಲಿಷಿನಲ್ಲಿ ಎಫಿಶಿಯೆನ್ಸಿ ಅಂದುಬಿಡಬಹುದು. ನಾವು ‘ವೇಗ’ ಎಂದರೆ ಸಾಲದು, ‘ಉತ್ಪಾದಕತೆ’ ಎಂದರೆ ಅದು ತಲೆಯೊಂದಕ್ಕೆ ಎಷ್ಟು ಮಾಲು ಎಂಬ ಬೇರೆ ಲೆಕ್ಕವಾಗುತ್ತದೆ.

ನಮ್ಮಲ್ಲಿ ‘ಒದಗು’ ಎನ್ನುವ ಕ್ರಿಯಾಪದ ಇದೆಯಲ್ಲ. ಹಳೆ ಅಕ್ಕಿ ಒದಗುತ್ತೆ, ಹೊಸ ಅಕ್ಕಿ ಒದಗಲ್ಲ ಅನ್ನುತ್ತೇವೆ: ಹಾಕಿದ್ದು ಒಂದೇ ಪಾವು, ಅನ್ನ ಮಾತ್ರ ಹೆಚ್ಚು. ಹೊಲದಲ್ಲೂ ‘ನಾಲ್ಕಾಳಿದ್ರೂ ಕೆಲಸ ಒದಗಲಿಲ್ಲ’ ಎನ್ನುವ ಮಾತುಂಟು. ಹಾಕಿದ್ದಕ್ಕೂ ಬಂದದ್ದಕ್ಕೂ ಇರುವ ಸಂಬಂಧ ಈ ಪದದ ಹೊಟ್ಟೆಯಲ್ಲೇ ಇದೆ, ಹೊಗಳಿಕೆಯ ಸೋಂಕಿಲ್ಲ. ‘ಅದೇ ಜನ, ಅದೇ ಯಂತ್ರ, ಆದರೂ ಕೆಲಸ ಹೆಚ್ಚು ಒದಗತೊಡಗಿತು’ ಎಂದು ಟಿ50 ಬಗ್ಗೆ ಬರೆದು ನೋಡಿದೆ. ಪೀಣ್ಯದ ಓದುಗರೊಬ್ಬರಿಗೆ ಓದಿ ಹೇಳಿದಾಗ ಅವರು ಅರ್ಥ ಕೇಳಲೇ ಇಲ್ಲ, ಮುಂದೇನಾಯಿತು ಎಂದು ಕೇಳಿದರು.

ವಾಕ್ಯದಲ್ಲಿ ಕ್ರಿಯಾಪದವಾಗಿ ಸಲೀಸಾಗಿ ನಿಲ್ಲುತ್ತದೆ. ತಲೆಬರಹಕ್ಕೆ, ಪಟ್ಟಿಗೆ ನಾಮಪದ ಬೇಕು. ‘ಒದಗುವಿಕೆ’ ಎಂದರೆ ಲಭ್ಯತೆ, ಪೂರೈಕೆ ಎಂಬ ಅರ್ಥ ಮುಂದೆ ಬಂದು ನಿಲ್ಲುತ್ತದೆ. ‘ಒದಗು’ವನ್ನೇ ನಾಮಪದವಾಗಿ ಬಳಸುವ ರೂಢಿ ನಿಮ್ಮ ಊರ ಕಡೆ ಇದೆಯೇ? ನಾನು ಹೇಳುತ್ತಿರುವುದು ಹಳೆ ಮೈಸೂರು ಕಡೆಯ ಮಾತು. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಅಕ್ಕಿಗೂ ಕೆಲಸಕ್ಕೂ ಇದೇ ಪದ ಹೇಳುತ್ತೀರೋ, ಬೇರೆ ಇದೆಯೋ? ಕಾರ್ಖಾನೆಯಲ್ಲಿ ದುಡಿಯುವವರು ಶಿಫ್ಟ್ ಮುಗಿದಾಗ ತಮ್ಮತಮ್ಮಲ್ಲಿ ಏನನ್ನುತ್ತೀರಿ ಎನ್ನುವುದನ್ನೂ ಬರೆಯಿರಿ. ‘ಔಟ್‌ಪುಟ್’, ‘ಟಾರ್ಗೆಟ್’ ಆದರೂ ಪರವಾಗಿಲ್ಲ, ವಾಕ್ಯದ ಸಮೇತ ಕೊಡಿ.