ನಾಕ್ ಎಂದರೆ ತಟ್ಟುವುದೋ, ಬಡಿಯುವುದೋ, ಕುಟ್ಟುವುದೋ?

ಮಿತ್ರರೇ,

‘ಹೊಡಿ’ ಎಂಬ ಒಂದು ಪದ ಕಳೆದ ವಾರ ನನಗೆ ದಂಡ ಕಟ್ಟಿಸಿತು. ಕಾಫಿ ಮೂಟೆ ಹೊರುವ ನಮ್ಮ ಹಳೇ ಡೀಸೆಲ್ ಪಿಕಪ್ಪು ಕುಶಾಲನಗರದಿಂದ ಸುಂಟಿಕೊಪ್ಪಕ್ಕೆ ಏರು ಹತ್ತುವಾಗ ಶಬ್ದ ಶುರುಮಾಡಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿ, “ಅಣ್ಣಾ, ಎಂಜಿನ್ ಹೊಡೀತಾ ಉಂಟು” ಅಂದೆ.

“ಆಯಿಲ್ ಎಷ್ಟು ಇಳಿದಿದೆ?”

“ಇಳಿದಿಲ್ಲ, ಸರಿ ಇದೆ.”

“ಹಾಗಾದ್ರೆ ಏನೂ ಆಗ್ಲಿಕ್ಕಿಲ್ಲ, ನಿಧಾನಕ್ಕೆ ತನ್ನಿ ಸಾರ್.”

ನಾನು ಹೇಳಿದ್ದು ಶಬ್ದ, ಅವರಿಗೆ ಕೇಳಿಸಿದ್ದು ಹೊಗೆ. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಕೆಳಭಾಗಕ್ಕೆ ಒತ್ತಿ, ಹಿಡಿಗೆ ಕಿವಿ ಕೊಟ್ಟರು. ಕಣ್ಣು ಮುಚ್ಚಿದ್ದರು. ಒಂದು ನಿಮಿಷ ಕಳೆದು, “ಇದು ಬೇರಿಂಗ್ ಅಲ್ವಾ! ಓಡಿಸ್ಲೇಬಾರ್ದಿತ್ತು” ಅಂದರು. ಓಡಿಸಿಯಾಗಿತ್ತು.

ನಮ್ಮಲ್ಲಿ ‘ಹೊಡಿ’ ಹೊರದ ಭಾರವಿಲ್ಲ. ಗಾಡಿ ಹೊಡೀತಾರೆ, ಹಾರ್ನ್ ಹೊಡೀತಾರೆ, ಪೈಂಟ್ ಹೊಡೀತಾರೆ. ಗಾಡಿ ಹೊಗೆ ಹೊಡೀತದೆ, ಆಯಿಲ್ ಹೊಡೀತದೆ, ಬೇರಿಂಗ್ ಹೊಡೀತದೆ. ಕೊನೆಯ ಮೂರು ಬೇರೆ ಬೇರೆ ಕಾಯಿಲೆಗಳು. ಹಾಗಾಗಿ ಎಂಜಿನ್ನಿನ ಇಂಥ ಸದ್ದಿಗೆ ಇಂಗ್ಲಿಷಿನಲ್ಲಿ ಹೇಳುವ ‘ನಾಕ್’ ಎನ್ನುವುದಕ್ಕೆ ಕನ್ನಡ ಹುಡುಕಲು ಹೊರಟೆ. ‘ಬಡಿತ’ ಎಂದು ಬರೆದುಬಿಡಬಹುದು, ಎದೆಬಡಿತದ ಹಾಗೆ. ಆದರೆ ಎದೆ ಬಡಿದರೆ ಆರೋಗ್ಯ, ಎಂಜಿನ್ ಬಡಿದರೆ ರೋಗ. ಅದು ನನಗೆ ಒಗ್ಗಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಾಕ್ ಎನ್ನುವುದು ಒಂದು ಶಬ್ದವಲ್ಲ. ಮೇಲುಗಡೆಯಿಂದ, ಹೊಲಿಗೆ ಯಂತ್ರದಂತೆ ಹಗುರವಾಗಿ ಟಿಕ್ ಟಿಕ್ ಬಂದರೆ ವಾಲ್ವ್ ತಳ್ಳುವ ಟ್ಯಾಪೆಟ್ ಸಡಿಲವಾಗಿದೆ. ಬೆಳಿಗ್ಗೆ ತಣ್ಣಗಿದ್ದಾಗ ಲೊಟ ಲೊಟ ಎಂದು, ಬಿಸಿಯಾದ ಮೇಲೆ ಅಡಗಿದರೆ ಸವೆದ ಬೋರಿನೊಳಗೆ (ಸಿಲಿಂಡರಿನ ಕೊಳವೆಯೊಳಗೆ) ಪಿಸ್ಟನ್ ಗೋಡೆಗೆ ತಾಗುತ್ತಿದೆ. ತಳದಿಂದ, ಲೋಡ್ ಬಿದ್ದಾಗ ದಪ್ಪಗೆ ಧಡ್ ಧಡ್ ಎಂದರೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್. ಅಲ್ಲೇ ಎಂಜಿನ್ ಆಫ್ ಮಾಡಬೇಕು. ಈಗ ಅಡುಗೆಮನೆ ನೆನಪಿಸಿಕೊಳ್ಳಿ. ಅಕ್ಕಿರೊಟ್ಟಿ ತಟ್ಟುತ್ತೇವೆ, ಬಟ್ಟೆ ಕಲ್ಲಿಗೆ ಬಡಿಯುತ್ತೇವೆ, ಒನಕೆಯಿಂದ ಭತ್ತ ಕುಟ್ಟುತ್ತೇವೆ. ಟ್ಯಾಪೆಟ್ ತಟ್ಟುತ್ತದೆ, ಪಿಸ್ಟನ್ ಬಡಿಯುತ್ತದೆ, ಬೇರಿಂಗ್ ಕುಟ್ಟುತ್ತದೆ. ಇಂಗ್ಲಿಷು ಒಂದೇ ಪದದಲ್ಲಿ ಮುಗಿಸಿದ್ದನ್ನು ಕನ್ನಡ ಮೂರು ಕ್ರಿಯಾಪದಗಳಲ್ಲಿ ಆಗಲೇ ವಿಂಗಡಿಸಿ ಇಟ್ಟಿದೆ. ನಾನು ಫೋನಿನಲ್ಲಿ “ಕೆಳಗಿಂದ ಕುಟ್ತಾ ಉಂಟು” ಅಂದಿದ್ದರೆ ಸಾಕಿತ್ತು. (ಕೊಡಗಿನ ಕುಟ್ಟ ಎಂಬ ಊರಿನವರು ಕ್ಷಮಿಸಿ.)

ಡೀಸೆಲ್ ನಾಕ್ ಮಾತ್ರ ಈ ಮೂರಕ್ಕೂ ಸೇರುವುದಿಲ್ಲ. ಅಲ್ಲಿ ಲೋಹ ಲೋಹಕ್ಕೆ ತಾಗುವುದಲ್ಲ. ನಾಜಲ್ ಚಿಮ್ಮಿಸಿದ ಡೀಸೆಲ್ ಬೆಂಕಿ ಹಿಡಿಯಲು ತಡಮಾಡಿ, ಅಷ್ಟರಲ್ಲಿ ಸೇರಿಕೊಂಡದ್ದೆಲ್ಲ ಒಟ್ಟಿಗೆ ಹತ್ತಿಕೊಳ್ಳುವುದು. ಮಡಿಕೇರಿಯ ಚಳಿಗೆ ಅದು ಜೋರು. ಒಗ್ಗರಣೆಯ ಸಾಸಿವೆ ನೆನೆದು ನಾನು ‘ಸಿಡಿತ’ ಎನ್ನುತ್ತಿದ್ದೇನೆ. ಪಂಪ್ ಇರುವ ಹಳೇ ಎಂಜಿನ್ನಿನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿ, ಆ ಸಿಲಿಂಡರಿಗೆ ಡೀಸೆಲ್ ಹೋಗದಂತೆ ಮಾಡಿ ನೋಡುತ್ತಾರೆ. ಯಾವುದನ್ನು ಸಡಿಲಿಸಿದಾಗ ಸದ್ದು ತಗ್ಗುತ್ತದೋ ಆ ಸಿಲಿಂಡರಿನದೇ ತಂಟೆ. ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವ ಹೊಸ ‘ಕಾಮನ್ ರೈಲ್’ ಎಂಜಿನ್ನಿನಲ್ಲಿ ಹಾಗೆ ಕೈಹಾಕಬೇಡಿ, ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮದೊಳಕ್ಕೇ ನುಗ್ಗುತ್ತದೆ.

ಹೊಗೆಯ ವಿಷಯಕ್ಕೆ ಬಂದರೆ, ಪದ ಸುಲಭ, ಬಣ್ಣ ಕಷ್ಟ. ತಮಿಳಿನ ಪುಗೈ, ತೆಲುಗಿನ ಪೊಗ, ಹಳಗನ್ನಡದ ಪೊಗೆ ಒಂದೇ ಬೇರಿನವು. ಆದರೆ ಪುಸ್ತಕದಲ್ಲಿ ಆಯಿಲ್ ಸುಟ್ಟರೆ ‘ನೀಲಿ ಹೊಗೆ’. ನಮ್ಮ ಗ್ಯಾರೇಜಿನಲ್ಲಿ ಅದೇ ‘ಬಿಳಿ ಹೊಗೆ’. ಪುಸ್ತಕದ ಬಿಳಿಯಾದರೋ ನೀರಿನ ಹಬೆ ಅಥವಾ ಉರಿಯದ ಡೀಸೆಲ್. ಮಂಜಿನ ಬೆಳಗಿನಲ್ಲಿ ಹಬೆಯನ್ನೂ ಆಯಿಲ್ ಹೊಗೆಯನ್ನೂ ಬಣ್ಣದಿಂದ ಬೇರೆ ಮಾಡುವುದು ನನ್ನಿಂದಾಗದ ಕೆಲಸ. ಅದಕ್ಕೆ ಮೂಗು, ತಾಳ್ಮೆ ಎರಡೂ ಬೇಕು: ಹಬೆ ಬೇಗ ಕರಗುತ್ತದೆ, ಆಯಿಲ್ ಹೊಗೆ ಕಾಫಿಗಿಡಗಳ ಮೇಲೆ ತೂಗಿ ನಿಂತು ಸುಟ್ಟ ವಾಸನೆ ಬಿಡುತ್ತದೆ. ಈ ಆಯಿಲ್ ಹೊಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ಸೆಂದು ನಿಂತರೆ ವಾಲ್ವ್ ಸೀಲ್ ಸವೆದಿದೆ. ಏರಿನುದ್ದಕ್ಕೂ ಬಂದು, ಆಯಿಲ್ ಮುಚ್ಚಳ ತೆಗೆದಾಗ ಅಲ್ಲಿಂದಲೂ ಬುಸುಬುಸು ಎಂದರೆ ಪಿಸ್ಟನ್ ರಿಂಗ್ ಸವೆದಿದೆ. ಅದನ್ನು ಮೆಕ್ಯಾನಿಕ್ಕುಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ.

‘ಆಯಿಲ್’ಗೆ ‘ಎಣ್ಣೆ’ ಎನ್ನುವುದನ್ನು ನಾನು ಕೈಬಿಟ್ಟಿದ್ದೇನೆ. ಎಳ್ಳಿನ ನೆಯ್ ಎಣ್ಣೆಯಾಯಿತು, ಆಮೇಲೆ ಹರಳು, ಕೊಬ್ಬರಿ, ಸೀಮೆ ಎಲ್ಲಕ್ಕೂ ಹರಡಿತು. ಎಂಜಿನ್ನಿಗೇಕೆ ಬೇಡ? ಡ್ರೈವರನ ಮುಂದೆ “ಗಾಡಿ ತುಂಬಾ ಎಣ್ಣೆ ಕುಡೀತದೆ” ಅಂದು ನೋಡಿ, “ನಾನಲ್ಲ ಸಾರ್” ಅನ್ನುತ್ತಾನೆ. ‘ಪಿಕಪ್ಪಿಗೆ ಪಿಕಪ್ ಇಲ್ಲ’ ಎಂಬ ಅವನ ದೂರಿಗೂ ನನ್ನಲ್ಲಿ ಕನ್ನಡವಿಲ್ಲ.

ನನ್ನ ಪ್ರಶ್ನೆ ಎರಡು. ತಟ್ಟು, ಬಡಿ, ಕುಟ್ಟುಗಳನ್ನು ಹೀಗೆ ಬೇರ್ಪಡಿಸಿ ಆಡುವ ಮೆಕ್ಯಾನಿಕ್ಕುಗಳು ನಿಮ್ಮೂರಲ್ಲಿ ಇದ್ದಾರೆಯೇ, ಅಥವಾ ‘ಸೌಂಡ್ ಬರ್ತಿದೆ’ಯಲ್ಲೇ ಎಲ್ಲ ಮುಗಿಯುತ್ತದೆಯೇ? ಆಯಿಲ್ ಹೊಗೆಗೆ ನೀಲಿ ಎನ್ನುತ್ತೀರೋ, ಬಿಳಿ ಎನ್ನುತ್ತೀರೋ? ಸೋಮವಾರಪೇಟೆ, ವಿರಾಜಪೇಟೆ ಕಡೆಯವರು ಮೊದಲು ಹೇಳಿ. ಎಂಜಿನ್ ಇನ್ನೂ ಗ್ಯಾರೇಜಿನ ಬೆಂಚಿನ ಮೇಲಿದೆ, ನನಗೆ ಸಮಯವಿದೆ.