ಲ್ಯಾಸಿಕ್ ಹಾಳೆಗೆ ಕನ್ನಡ: 'ಪೊರೆ' ಬೇಡ, ಬೇರೆ ಏನು? ಜೊತೆಗೆ 'ಚಾಳೀಸು' ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ಒಂದು ಕಣ್ಣಿನ ಆಸ್ಪತ್ರೆಯವರು ಲ್ಯಾಸಿಕ್ (ಕನ್ನಡಕದ ನಂಬರ್ ಹೋಗಿಸುವ ಲೇಸರ್ ಚಿಕಿತ್ಸೆ) ಮಾಡಿಸಿಕೊಳ್ಳುವವರಿಗೆ ಕೊಡುವ ಮಾಹಿತಿ ಹಾಳೆಯನ್ನು ತಿಳಿಯುವ ಕನ್ನಡದಲ್ಲಿ ಬರೆದುಕೊಡಿ ಎಂದಿದ್ದಾರೆ. ಮುಕ್ಕಾಲು ಮುಗಿದಿದೆ. ಕೆಲವು ಪದಗಳ ಹತ್ತಿರ ಗಾಡಿ ನಿಂತಿದೆ. ಬಲ್ಲವರು, ಅದರಲ್ಲೂ ನಮ್ಮ ಕಡೆಯವರು, ಹೇಳಬೇಕು.

ಹಳೆಯ ಹಾಳೆಯಲ್ಲಿ "ಕಣ್ಣಿನ ಪೊರೆಯನ್ನು ಎತ್ತಿ, ಚಿಕಿತ್ಸೆಯ ನಂತರ ಮತ್ತೆ ಕೂರಿಸಲಾಗುವುದು" ಎಂದಿದೆ. ಕಣ್ಣಿನ ಪೊರೆ ಅಂದರೆ ಜನರಿಗೆ ಮೋತಿಬಿಂದು. "ತೆಗೆದ ಪೊರೆ ಮತ್ತ ಯಾಕ ಕೂಡಸ್ತೀರಿ?" ಅಂತ ಒಬ್ಬ ಹುಡುಗಿಯ ತಾಯಿ ಕೇಳಿದರಂತೆ. ಸರಿಯಾಗಿಯೇ ಕೇಳಿದ್ದಾರೆ ಅಲ್ವಾ? ಇಲ್ಲಿ ಹೇಳಬೇಕಾದ್ದು ವೈದ್ಯರು 'ಫ್ಲ್ಯಾಪ್' ಅನ್ನುವುದನ್ನು. ಕಾರ್ನಿಯಾ ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಭಾಗ. ಅದರ ದಪ್ಪವೇ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಅದರ ಐದನೇ ಒಂದು ಪಾಲಿನಷ್ಟು ತೆಳುವಾಗಿ ಮೇಲಿನ ಪದರ ಬಿಡಿಸಿ, ಒಂದು ಅಂಚು ಅಂಟಿಕೊಂಡಿರುವಂತೆಯೇ ಪಕ್ಕಕ್ಕೆ ಮಡಚುತ್ತಾರೆ. ಅದರ ಕೆಳಗೆ ಲೇಸರ್ ಹಾಯಿಸಿ ಮತ್ತೆ ಮುಚ್ಚುತ್ತಾರೆ. ಹೊಲಿಗೆ ಇಲ್ಲ.

'ಪದರ' ಅಂದರೆ ಗೊಂದಲ ಇಲ್ಲ, ಆದರೆ ಅಂಟಿಕೊಂಡೇ ಇರುತ್ತದೆ ಅನ್ನೋದು ಬರಲ್ಲ. 'ಮುಚ್ಚಳ' ಪೂರ್ತಿ ಕೈಗೆ ಬರುವಂಥದ್ದು. ಅಂಟಿಕೊಂಡ ಅಂಚನ್ನು ವೈದ್ಯರು ಬಾಗಿಲ ಕೀಲಿನ ಹೆಸರಿನಿಂದ 'ಹಿಂಜ್' ಅಂತಲೇ ಕರೆಯುತ್ತಾರೆ. ಹಾಗಾದರೆ 'ಕದ' ಅನ್ನಬಹುದೇ? ಕಿವಿಗೆ ಚೆನ್ನಾಗಿದೆ, ಹಾಳೆಯಲ್ಲಿ ಓದಿದರೆ ನಗು ಬರುತ್ತದೆ. ಸದ್ಯಕ್ಕೆ 'ಮಡಚುವ ಪದರ' ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ಇದ್ದರೆ ಕೊಡಿ.

ಲೇಸರ್ ಏನು ಮಾಡುತ್ತದೆ ಅನ್ನುವ ಕ್ರಿಯಾಪದವೂ ಕಾಡಿದೆ. ಹಳೆಯ ಹಾಳೆಯಲ್ಲಿ 'ಸುಡುತ್ತದೆ' ಎಂದಿದೆ. ಶುಗರ್‌ನಿಂದ ರೆಟಿನಾ (ಕಣ್ಣಿನ ಹಿಂಭಾಗದ ಪದರ) ಕೆಟ್ಟವರಿಗೆ ಹೊಡೆಯುವ ಲೇಸರ್‌ಗೆ ಆ ಮಾತು ಸರಿ, ಅದು ನಿಜಕ್ಕೂ ಚುಕ್ಕೆ ಚುಕ್ಕೆಯಾಗಿ ಸುಡುತ್ತದೆ. ಲ್ಯಾಸಿಕ್‌ನದು ಎಕ್ಸೈಮರ್ ಲೇಸರ್, 193 ನ್ಯಾನೋಮೀಟರ್‌ನ ಅತಿನೇರಳೆ ಬೆಳಕು. ಅಣುಗಳ ಬಂಧ ಕಡಿದು ಅಷ್ಟನ್ನೇ ಹಾರಿಸುತ್ತದೆ. 1981ರಲ್ಲಿ ಐಬಿಎಂ ಕಂಪನಿಯಲ್ಲಿದ್ದ, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮೇಲೆ ಇದನ್ನು ಹಾಯಿಸಿ ನೋಡಿದರು. ಪಕ್ಕದಲ್ಲಿ ಕರಕಲಾಗದೆ ಚೊಕ್ಕ ಗೆರೆ ಬಿತ್ತು. ಇಷ್ಟಾದರೂ ಮಾಡಿಸಿಕೊಂಡು ಬಂದವರು "ಸುಟ್ಟ ವಾಸನೆ ಬಂತ್ರಿ" ಅಂತಾರೆ. ವಾಸನೆ ಬರೋದು ನಿಜ, ಕಣ್ಣು ಸುಡ್ತಿಲ್ಲ ಅಂತ ಹಾಳೆಯಲ್ಲೇ ಬರೆಯಬೇಕು. ಲ್ಯಾಸಿಕ್‌ನ ಪೂರ್ತಿ ಹೆಸರಿನಲ್ಲಿರುವ ಗ್ರೀಕ್ ಪದಕ್ಕೆ ಕಾರ್ನಿಯಾ ಕೆತ್ತುವುದು ಅಂತ ಅರ್ಥ. ಐಹೊಳೆ, ಬಾದಾಮಿ ಇರುವ ಜಿಲ್ಲೆಯವನಾಗಿ ನನಗೆ 'ಕೆತ್ತು' ಇಷ್ಟ. ಆದರೆ ಕಣ್ಣು ಕೆತ್ತುತ್ತಾರೆ ಅಂತ ಓದಿದವನು ಸೀದಾ ಬಸ್ ಸ್ಟ್ಯಾಂಡ್ ದಾರಿ ಹಿಡಿಯುತ್ತಾನೆ. 'ಆಕಾರ ತಿದ್ದುತ್ತದೆ' ಎಂದು ಹಾಕಿದ್ದೇನೆ.

'ಸಮೀಪದೃಷ್ಟಿ ದೋಷ' ಶಾಲೆಯ ಪುಸ್ತಕದ್ದು. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು ಅಂತ ಅದರ ಅರ್ಥ. ಓದಿದವರಿಗೆ ಹತ್ತಿರದ ನೋಟದಲ್ಲೇ ದೋಷ ಅನ್ನಿಸುತ್ತದೆ. ಗುರುತು ಹಾಕಿ ಅಂದರೆ ಅರ್ಧ ಜನ ತಪ್ಪು ಚೌಕಕ್ಕೆ ಹಾಕ್ತಾರೆ. ಇದನ್ನು ಸುಮ್ನೆ ಬಿಟ್ಟು 'ಮೈನಸ್ ನಂಬರ್ (ದೂರದ್ದು ಮಸುಕು)' ಎಂದು ಬರೆದೆ. ಇದರಲ್ಲಿ ಚರ್ಚೆ ಬೇಕಿಲ್ಲ.

ನನಗೆ ನಿಜವಾಗಿ ಉತ್ತರ ಬೇಕಿರುವುದು 'ಚಾಳೀಸು' ಬಗ್ಗೆ. ಮರಾಠಿ, ಹಿಂದಿಯ ನಲವತ್ತರಿಂದ ಬಂದದ್ದು. ನಲವತ್ತರ ಹೊತ್ತಿಗೆ ಓದಲು ಬೇಕಾಗುವ ಕನ್ನಡಕ. ಹತ್ತಿರದ್ದು ಮಸುಕಾಗುವ ಈ ತೊಂದರೆಗೆ ಪುಸ್ತಕದಲ್ಲಿ 'ಪ್ರೆಸ್‌ಬಯೋಪಿಯಾ' ಎಂದಿರುತ್ತದೆ. ಅದು ಯಾರ ಬಾಯಿಗೂ ಬರಲ್ಲ. ಹಾಳೆಯಲ್ಲಿ ಹೇಳಲೇಬೇಕಾದ ಮಾತೂ ಇಲ್ಲೇ ಇದೆ. ವಯಸ್ಸಾದಂತೆ ಕಣ್ಣಿನ ಒಳಗಿನ ಲೆನ್ಸ್ ಗಟ್ಟಿಯಾಗುವುದೇ ಇದಕ್ಕೆ ಕಾರಣ, ಲ್ಯಾಸಿಕ್ ತಿದ್ದುವುದು ಮುಂದಿನ ಕಾರ್ನಿಯಾವನ್ನು. ಹಾಗಾಗಿ ಇವತ್ತು ಮಾಡಿಸಿಕೊಂಡವರಿಗೂ ಮುಂದೆ ಚಾಳೀಸು ಬರುತ್ತದೆ. ಮೈನಸ್ ನಂಬರ್ ಇರುವ ಎಷ್ಟೋ ಜನ ನಲವತ್ತೈದರಲ್ಲೂ ಚಷ್ಮಾ ತೆಗೆದಿಟ್ಟು ಪೇಪರ್ ಓದ್ತಾರೆ. ಎರಡೂ ಕಣ್ಣಿನ ನಂಬರ್ ಪೂರ್ತಿ ಹೋಗಿಸಿಕೊಂಡರೆ ಅವರಿಗೆ ಆ ಸುಖ ಹೋಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಜಗಳ.

"ಲ್ಯಾಸಿಕ್‌ನಿಂದ ಚಾಳೀಸು ಹೋಗುವುದಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆಯುವ ಆಸೆ. ತೊಡಕು ಏನೆಂದರೆ, ನಮ್ಮಲ್ಲಿ ಹಿರಿಯರು ಯಾವ ಕನ್ನಡಕಕ್ಕಾದರೂ ಚಾಳೀಸು ಅಂತಾರೆ. ಅವರು ಓದಿದರೆ ಯಾವ ಚಷ್ಮಾನೂ ಹೋಗಲ್ಲ ಅಂತಾಗುತ್ತದೆ! ವಿಜಯಪುರ, ಬೆಳಗಾವಿ ಕಡೆ ಹೇಗೆ? ಓದುವ ಕನ್ನಡಕಕ್ಕೆ ಮಾತ್ರವೋ, ಎಲ್ಲಕ್ಕೂವೋ? ಅಥಣಿ, ಚಿಕ್ಕೋಡಿಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಎಲ್ಲಕ್ಕೂ ಅಂತಾದರೆ 'ಓದುವ ಚಾಳೀಸು' ಎಂದು ಹಾಕುತ್ತೇನೆ.